ಬುತ್ತಿಯ ಡಬ್ಬಿಯ ಬಾಳು ಮತ್ತು ಮರುಹುಟ್ಟು



ಗ್ರಹಗಳ ಚಲನೆಯನ್ನು ನಾವು ಪಾಠವೆಂದು ಓದುತ್ತೇವೆ. ಚಾಲುಕ್ಯರ ಶಾಸನಗಳನ್ನು ಪಾಠವೆಂದು ಓದುತ್ತೇವೆ. ಆದರೆ ದಿನವೂ ಪಾಟೀಚೀಲದಲ್ಲಿ ಪುಸ್ತಕಗಳ ಪಕ್ಕದಲ್ಲಿಯೇ ಕುಳಿತು ಶಾಲೆಗೆ ಬರುವ ಬುತ್ತಿಯ ಡಬ್ಬಿಯೂ ಒಂದು ಪಾಠವೆಂದು ನಮಗೆ ತೋರುವುದಿಲ್ಲ. ಮುಚ್ಚಳ ಸರಿಯಾಗಿ ಕೂತರೆ ತೃಪ್ತಿ. ಪಲ್ಯದ ಎಣ್ಣೆ ಸೋರಿ ವಹಿ ನೆನೆದರೆ ಸಿಟ್ಟು. ಇಷ್ಟಕ್ಕೆ ಡಬ್ಬಿಯ ವಿಚಾರ ಮುಗಿಯುತ್ತದೆ. ಅದು ಯಾವ ವಸ್ತುವಿನಿಂದ ಆಯಿತು, ಏಕೆ ಆ ಆಕಾರವನ್ನು ತಾಳಿತು, ಒಡೆದ ಮೇಲೆ ಎಲ್ಲಿಗೆ ಹೋಗುವುದು, ಅಲ್ಲಿ ಅದನ್ನು ಕೈಯಲ್ಲಿ ಹಿಡಿಯುವವರು ಯಾರು ಎಂಬ ಪ್ರಶ್ನೆಗಳನ್ನು ಕೇಳುವವರು ವಿರಳ.

ಈ ಲೇಖನದಲ್ಲಿ ನಾವು ಅವೇ ಪ್ರಶ್ನೆಗಳನ್ನು ಕ್ರಮವಾಗಿ ವಿಚಾರಿಸೋಣ. ಒಳ್ಳೆಯ ಪ್ಲಾಸ್ಟಿಕ್ ಡಬ್ಬಿಗೆ ಎರಡು ಧರ್ಮಗಳಿವೆ. ಬಾಳಿರುವಷ್ಟು ಕಾಲ ಅದು ಮತ್ತೆ ಮತ್ತೆ ಉಪಯೋಗಕ್ಕೆ ಬರಬೇಕು. ಬಾಳು ಮುಗಿದ ದಿನ ಸುಲಭವಾಗಿ ಕರಗಿ ಇನ್ನೊಂದು ವಸ್ತುವಾಗಿ ಹುಟ್ಟಬೇಕು. ಮೊದಲನೆಯದನ್ನು ಮರುಬಳಕೆ ಎನ್ನೋಣ, ಎರಡನೆಯದನ್ನು ಮರುಸಂಸ್ಕರಣೆ ಎನ್ನೋಣ. ಎರಡನ್ನೂ ಒಂದೇ ಹೆಸರಿನಿಂದ ಕರೆಯುವ ರೂಢಿಯುಂಟು. ಆದರೆ ಅವು ಬೇರೆ ಬೇರೆ. ಅಣ್ಣನ ಅಂಗಿಯನ್ನು ತಮ್ಮನು ತೊಡುವುದು ಮರುಬಳಕೆ. ಅದೇ ಅಂಗಿ ಹರಿದ ಮೇಲೆ ಅವ್ವ ಅದನ್ನು ಕತ್ತರಿಸಿ ಕೌದಿಗೆ ಹಚ್ಚುವುದು ಮರುಸಂಸ್ಕರಣೆಗೆ ಸಮೀಪವಾದುದು. ಯಾವ ಜಾಣ ತಾಯಿಯೂ ಹೊಸ ಅಂಗಿಯನ್ನು ಕೌದಿಗೆ ಹಾಕುವುದಿಲ್ಲ. ಮೊದಲು ಮರುಬಳಕೆ, ಕೊನೆಗೆ ಮರುಸಂಸ್ಕರಣೆ. ಈ ಕ್ರಮವನ್ನು ನೆನಪಿನಲ್ಲಿಡತಕ್ಕದ್ದು.

೧. ಈ ವಿಚಾರದ ಅಗತ್ಯ

ನಮ್ಮ ಹಿರಿಯರು ಹೊಲಕ್ಕೆ ಹೋಗುವಾಗ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು. ಕರಾವಳಿಯ ಕಡೆ ಬಾಳೆಯ ಎಲೆಯಲ್ಲಿ ಅನ್ನ ಕಟ್ಟುತ್ತಿದ್ದರು. ಉಂಡ ಮೇಲೆ ಬಟ್ಟೆ ತೊಳೆದು ಹೆಗಲಿಗೆ ಬರುತ್ತಿತ್ತು. ಎಲೆ ಗೊಬ್ಬರದ ತಿಪ್ಪೆಗೆ ಸೇರುತ್ತಿತ್ತು. ಮುಂಬಯಿಯಲ್ಲಿ ೧೮೯೦ರಲ್ಲಿ ಆರಂಭವಾದ ಡಬ್ಬಾವಾಲರ ವ್ಯವಸ್ಥೆಯೂ ಇದೇ ನೀತಿಯದು. ಡಬ್ಬಿಯು ಬೆಳಿಗ್ಗೆ ಮನೆಯಿಂದ ಹೊರಟು, ಮಧ್ಯಾಹ್ನ ಕಚೇರಿಯನ್ನು ಮುಟ್ಟಿ, ಸಂಜೆಗೆ ಅದೇ ಮನೆಗೆ ಮರಳುತ್ತದೆ. ಹಿಂದೆ ಉಳಿಯುವುದು ಏನೂ ಇಲ್ಲ.

ಅನಂತರ ಪ್ಲಾಸ್ಟಿಕ್ ಬಂದಿತು. ಅದು ಹಗುರ, ಅಗ್ಗ. ಕಬ್ಬಿಣದಂತೆ ತುಕ್ಕು ಹಿಡಿಯದು, ಗಾಜಿನಂತೆ ಒಡೆದು ಕೈ ಕೊಯ್ಯದು. ಆದುದರಿಂದ ಪ್ಲಾಸ್ಟಿಕ್ಕನ್ನು ನಾವು ಕೇವಲ ಶತ್ರುವೆಂದು ಬಯ್ಯುವುದು ಸರಿಯಲ್ಲ. ಅದರ ಕೊನೆಯನ್ನು ಯೋಚಿಸದೆ ವಸ್ತುಗಳನ್ನು ರಚಿಸಿದುದೇ ದೋಷ. ೨೦೧೭ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ವೈಜ್ಞಾನಿಕ ಅಧ್ಯಯನದ ಪ್ರಕಾರ ೨೦೧೫ರ ವರೆಗೆ ಪ್ರಪಂಚದಲ್ಲಿ ಸುಮಾರು ೮೩೦ ಕೋಟಿ ಟನ್ ಪ್ಲಾಸ್ಟಿಕ್ ತಯಾರಾಗಿತ್ತು. ಅದರಲ್ಲಿ ಸುಮಾರು ೬೩೦ ಕೋಟಿ ಟನ್ ಕಸವಾಗಿತ್ತು. ಆ ಕಸದಲ್ಲಿ ನೂರಕ್ಕೆ ಒಂಬತ್ತರಷ್ಟು ಮಾತ್ರ ಮರುಸಂಸ್ಕರಣೆಗೊಂಡಿತು, ಹನ್ನೆರಡರಷ್ಟು ಸುಡಲ್ಪಟ್ಟಿತು, ಉಳಿದ ಎಪ್ಪತ್ತೊಂಬತ್ತರಷ್ಟು ಕಸದ ರಾಶಿಗಳಲ್ಲಿಯೂ ನೆಲಜಲಗಳಲ್ಲಿಯೂ ಉಳಿಯಿತು.

ಈ ಅಂಕಿಗಳು ದೂರದವೆಂದು ತೋರಬಹುದು. ಸಮೀಪದ ಸಂಗತಿಯೊಂದನ್ನು ನೋಡಿರಿ. ಮುಂಬಯಿಯ ದೇವನಾರದ ಕಸದ ಮಾಳವು ೧೯೨೭ರಿಂದ ನಗರದ ಹೊಲಸನ್ನು ಹೊತ್ತುಕೊಂಡು ಬಂದಿತು. ೨೦೧೬ರ ಜನವರಿಯ ಕೊನೆಯಲ್ಲಿ ಅಲ್ಲಿ ಬೆಂಕಿ ಹತ್ತಿ ಹೊಗೆಯು ದಿನಗಟ್ಟಲೆ ನಗರವನ್ನು ಕವಿಯಿತು. ಸುತ್ತಣ ನಗರಪಾಲಿಕೆಯ ಶಾಲೆಗಳಿಗೆ ಸೂಟಿ ಕೊಡಬೇಕಾಯಿತು. ನಾವು ಎಸೆದ ವಸ್ತು ನಮ್ಮನ್ನು ಬಿಟ್ಟು ಹೋಗುವುದಿಲ್ಲ. ಬೇರೊಂದು ರೂಪದಿಂದ ನಮ್ಮ ಮೂಗಿಗೇ ಮರಳಿ ಬರುತ್ತದೆ.

೨. ಪ್ಲಾಸ್ಟಿಕ್ಕಿನ ಸ್ವಭಾವ

ಪ್ಲಾಸ್ಟಿಕ್ ಎಂಬುದು ಒಂದೇ ವಸ್ತುವಿನ ಹೆಸರಲ್ಲ. ಅದೊಂದು ದೊಡ್ಡ ಮನೆತನ. ಈ ಮನೆತನದ ಎಲ್ಲ ವಸ್ತುಗಳೂ ಅತಿ ಉದ್ದವಾದ ಅಣುಸರಪಳಿಗಳಿಂದ ಆದವು. ಒಂದು ಮಣಿಗೆ ಇನ್ನೊಂದು ಮಣಿ ಪೋಣಿಸಿ ಸಾವಿರಾರು ಮಣಿಗಳ ಸರ ಮಾಡಿದಂತೆ ಇವುಗಳ ರಚನೆ.

ಈ ಮನೆತನದಲ್ಲಿ ಎರಡು ಕವಲುಗಳಿವೆ. ಬೆಲ್ಲವನ್ನು ಕರಗಿಸಿ ಮತ್ತೊಮ್ಮೆ ಅಚ್ಚಿಗೆ ಹೊಯ್ಯಬಹುದು. ಆದರೆ ಬೆಂದ ದೋಸೆಯನ್ನು ಮರಳಿ ಹಿಟ್ಟು ಮಾಡುವುದು ಯಾರಿಂದಲೂ ಆಗದು. ಹಾಗೆಯೇ ಕೆಲವು ಪ್ಲಾಸ್ಟಿಕ್ಕುಗಳು ಕಾಯಿಸಿದಾಗ ಕರಗಿ, ಆರಿದಾಗ ಗಟ್ಟಿಯಾಗುವುವು. ಇವು ಬೆಲ್ಲದ ಜಾತಿಯವು. ಇನ್ನು ಕೆಲವು ಒಮ್ಮೆ ಬೆಂದು ಗಟ್ಟಿಯಾದರೆ ಮುಗಿಯಿತು. ಮತ್ತೆ ಕಾಯಿಸಿದರೆ ಸುಡುವುವೇ ಹೊರತು ಕರಗವು. ಇವು ದೋಸೆಯ ಜಾತಿಯವು. ೧೯೦೭ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಎಂಬ ವಿಜ್ಞಾನಿಯು ಕಂಡುಹಿಡಿದ ಬೇಕಲೈಟ್ ಈ ಎರಡನೆಯ ಜಾತಿಯದು. ಕುಕ್ಕರಿನ ಕರಿಯ ಹಿಡಿಕೆಗಳಲ್ಲಿ ಅದನ್ನು ಕಾಣಬಹುದು. ಮೆಲಮೈನ್ ತಟ್ಟೆಗಳೂ ಇದೇ ಜಾತಿಯವು. ಮರುಹುಟ್ಟು ಪಡೆಯಬೇಕಾದ ಡಬ್ಬಿಯು ಬೆಲ್ಲದ ಜಾತಿಯದಾಗಿರಬೇಕೆಂಬುದು ಇದರಿಂದ ಸ್ಪಷ್ಟವಾಗುವುದು.

ಬೆಲ್ಲದ ಜಾತಿಯಲ್ಲಿ ಪಾಲಿಥಿನ್ನು ೧೯೩೩ರಲ್ಲಿ ಇಂಗ್ಲೆಂಡಿನ ಒಂದು ಪ್ರಯೋಗಶಾಲೆಯಲ್ಲಿ ಆಕಸ್ಮಿಕವಾಗಿ ದೊರೆಯಿತು. ಜರ್ಮನಿಯ ಕಾರ್ಲ್ ಜೀಗ್ಲರ್ ಎಂಬುವರು ೧೯೫೩ರಲ್ಲಿ ಅದನ್ನು ಕಡಿಮೆ ಒತ್ತಡದಲ್ಲಿ ತಯಾರಿಸುವ ಬಗೆಯನ್ನು ತೋರಿಸಿದರು. ಮರುವರ್ಷ ಇಟಲಿಯ ಜೂಲಿಯೋ ನಟ್ಟಾ ಎಂಬುವರು ಪಾಲಿಪ್ರೊಪಿಲೀನಿನ ಸರಪಳಿಗಳನ್ನು ಕ್ರಮಬದ್ಧವಾಗಿ ಕಟ್ಟುವುದನ್ನು ಸಾಧಿಸಿದರು. ಇವರಿಬ್ಬರಿಗೂ ೧೯೬೩ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಲಭಿಸಿತು. ಇಂದು ನಮ್ಮಲ್ಲಿ ಅನೇಕರ ಡಬ್ಬಿಗಳು ಈ ಪಾಲಿಪ್ರೊಪಿಲೀನಿನಿಂದಲೇ ಆದವು.

೩. ತಳದಲ್ಲಿರುವ ಅಂಕೆ

ಡಬ್ಬಿಯನ್ನು ತಿರುವಿ ಹಾಕಿ ತಳವನ್ನು ನೋಡಿರಿ. ಅಲ್ಲಿ ತ್ರಿಕೋನದೊಳಗೆ ಒಂದು ಅಂಕೆ ಇರುವ ಸಂಭವವುಂಟು. ೧೯೮೮ರಲ್ಲಿ ಅಮೆರಿಕೆಯ ಪ್ಲಾಸ್ಟಿಕ್ ಉದ್ಯಮಿಗಳ ಸಂಘವು ಈ ಪದ್ಧತಿಯನ್ನು ಜಾರಿಗೆ ತಂದಿತು. ಅಂಕೆಗಳ ಅರ್ಥ ಹೀಗಿದೆ:

೧ — ಪೆಟ್: ನೀರಿನ ಮತ್ತು ಪಾನೀಯಗಳ ಬಾಟಲಿಗಳು.
೨ — ಗಟ್ಟಿ ಪಾಲಿಥಿನ್: ಎಣ್ಣೆಯ ಕ್ಯಾನುಗಳು, ಹಾಲಿನ ಕ್ರೇಟುಗಳು.
೩ — ಪಿ.ವಿ.ಸಿ.: ನೀರಿನ ಕೊಳವೆಗಳು.
೪ — ಮೃದು ಪಾಲಿಥಿನ್: ಹಾಲಿನ ಚೀಲಗಳು.
೫ — ಪಾಲಿಪ್ರೊಪಿಲೀನ್, ಅಂದರೆ ಪಿ.ಪಿ.: ಊಟದ ಡಬ್ಬಿಗಳು.
೬ — ಪಾಲಿಸ್ಟೈರೀನ್: ಥರ್ಮೋಕೋಲು ಇದರದೇ ಉಬ್ಬಿದ ರೂಪ.
೭ — ಉಳಿದವುಗಳೆಲ್ಲ, ಬೆರಕೆಯವೂ ಸೇರಿ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಈ ಅಂಕೆಯು ವಸ್ತು ಯಾವುದೆಂದು ತಿಳಿಸುತ್ತದೆಯೇ ಹೊರತು, ಅದು ಖಂಡಿತವಾಗಿ ಮರುಸಂಸ್ಕರಣೆಗೊಳ್ಳುವುದೆಂದು ಮಾತು ಕೊಡುವುದಿಲ್ಲ. ಮೊದಲು ಅಂಕೆಯ ಸುತ್ತ ಬಾಣಗಳಿದ್ದವು. ಜನರು ಅವುಗಳಿಂದ ತಪ್ಪು ಭಾವಿಸುತ್ತಿದ್ದುದರಿಂದ ೨೦೧೩ರಲ್ಲಿ ಬಾಣಗಳ ಬದಲಿಗೆ ಬರಿಯ ತ್ರಿಕೋನವನ್ನು ಇಡಬೇಕೆಂದು ನಿಯಮವನ್ನು ತಿದ್ದಲಾಯಿತು.

ಬಿಸಿಯಾದ ಊಟಕ್ಕೆ ಪಿ.ಪಿ.ಯನ್ನೇ ಆರಿಸುವುದಕ್ಕೆ ಕಾರಣವಿದೆ. ಅದು ಸುಮಾರು ೧೬೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗುವುದು. ಆದುದರಿಂದ ಕುದಿಯುವ ನೀರನ್ನೂ ತಾಳಬಲ್ಲದು. ಪೆಟ್ ಬಾಟಲಿಯಾದರೋ ಕರಗಲು ಇನ್ನೂ ಹೆಚ್ಚು ಕಾವನ್ನು ಬೇಡಿದರೂ ಎಪ್ಪತ್ತು ಎಂಬತ್ತು ಡಿಗ್ರಿಗೇ ಮೆತ್ತಗಾಗಿ ಸೊಟ್ಟಗಾಗುವುದು. ಅದರಲ್ಲಿ ಬಿಸಿ ಸಾರು ತುಂಬಬಾರದು.

೪. ಒಡೆದ ಡಬ್ಬಿಯ ಪಯಣ

ಒಳ್ಳೆಯ ರಚನೆ ಯಾವುದೆಂದು ತಿಳಿಯಬೇಕಾದರೆ ಒಡೆದ ಡಬ್ಬಿಯ ಬೆನ್ನುಹತ್ತಿ ಹೋಗಬೇಕು. ಮನೆಯ ಕಸದಿಂದ ಅದನ್ನು ಆಯುವವರು ಆರಿಸಿ ಭಂಗಾರದ ಅಂಗಡಿಗೆ ಕೊಡುವರು. ಅಲ್ಲಿಂದ ಅದು ದೊಡ್ಡ ವಖಾರಗಳಿಗೆ ಸಾಗುವುದು. ಮುಂಬಯಿಯಲ್ಲಿ ಈ ಉದ್ಯೋಗಕ್ಕೆ ಬಹುಕಾಲದಿಂದ ಹೆಸರಾದ ಸ್ಥಳ ಧಾರಾವಿಯ ೧೩ನೆಯ ಕಾಂಪೌಂಡ್.

ಅಲ್ಲಿನ ಕೆಲಸದ ಕ್ರಮ ಹೀಗೆ. ಮೊದಲು ಜಾತಿಯಂತೆ ವಿಂಗಡಿಸುವರು. ಆಮೇಲೆ ಬಣ್ಣದಂತೆ ವಿಂಗಡಿಸುವರು. ಅನುಭವಿಯಾದ ಕೆಲಸಗಾರನು ತುಣುಕನ್ನು ಬಗ್ಗಿಸಿ, ನೆಲಕ್ಕೆ ಹಾಕಿ ಅದರ ಸದ್ದು ಕೇಳಿ ಜಾತಿಯನ್ನು ಹೇಳಬಲ್ಲನು. ಕೆಲವರು ಅಂಚನ್ನು ಸುಟ್ಟು ವಾಸನೆ ನೋಡಿ ಹೇಳುವುದೂ ಉಂಟು. ಆ ಹೊಗೆ ಆರೋಗ್ಯಕ್ಕೆ ಕೆಟ್ಟದ್ದು. ಬಳಿಕ ಲೋಹದ ಮೊಳೆ, ತಂತಿ, ಕಾಗದದ ಚೀಟಿಗಳನ್ನು ಕೈಯಿಂದ ಕೀಳುವರು. ಆನಂತರ ಯಂತ್ರದಲ್ಲಿ ಹಾಕಿ ಚೂರು ಮಾಡುವರು. ಚೂರುಗಳನ್ನು ತೊಳೆದು ಒಣಗಿಸುವರು. ಕೊನೆಗೆ ಕಾಯಿಸಿ ಕರಗಿಸಿ, ಶಾವಿಗೆಯಂತೆ ಎಳೆಯಾಗಿ ಹೊರತಂದು, ನೀರಿನಲ್ಲಿ ತಣಿಸಿ, ಸಣ್ಣಗೆ ಕತ್ತರಿಸುವರು. ಈ ಕಾಳುಗಳಿಗೆ ಅಲ್ಲಿಯ ಭಾಷೆಯಲ್ಲಿ ದಾಣಾ ಎನ್ನುವರು. ದಾಣಾದಿಂದ ಬಕೀಟು, ಕುರ್ಚಿ, ಕುಂಡ, ಕ್ರೇಟು ಮೊದಲಾದವು ತಯಾರಾಗುವುವು.

ಈ ಕ್ರಮದಲ್ಲಿ ಒಂದು ಸಂಗತಿಯನ್ನು ನಾವು ಗಮನಿಸಬೇಕು. ಡಬ್ಬಿಯನ್ನು ರಚಿಸಿದವನು ಒಂದು ಮೊಳೆಯನ್ನು ಸೇರಿಸಲು ಒಂದು ಕ್ಷಣ ಯೋಚಿಸಿರಬಹುದು. ಆ ಮೊಳೆಯನ್ನು ತೆಗೆಯುವ ಕೆಲಸ ಮಾತ್ರ ಸಾವಿರ ಡಬ್ಬಿಗಳಲ್ಲಿ ಸಾವಿರ ಸಲ ಇನ್ನೊಬ್ಬರ ಬೆರಳುಗಳ ಪಾಲಿಗೆ ಬರುವುದು. ತೆಗೆಯಲು ಹತ್ತುವ ವೇಳೆ ಡಬ್ಬಿಯ ಬೆಲೆಗಿಂತ ಹೆಚ್ಚಾದರೆ ಅವರು ಅದನ್ನು ಪಕ್ಕಕ್ಕೆ ಎಸೆಯುವರು. ಅದು ಮತ್ತೆ ಕಸದ ಮಾಳಕ್ಕೇ ಹೋಗುವುದು. ಹೀಗೆ ಕೆಟ್ಟ ರಚನೆಯಿಂದ ಭೂಮಿಗೂ ಹಾನಿ, ದುಡಿಯುವವರ ಕೂಲಿಗೂ ಹಾನಿ.

ನಮ್ಮ ತರಗತಿಗಳಲ್ಲಿ ಕುಳಿತ ಮಕ್ಕಳಲ್ಲಿಯೂ ಇಂಥ ಉದ್ಯೋಗದ ಮನೆಗಳಿಂದ ಬಂದವರಿರಬಹುದು. ಅವರು ತಲೆ ತಗ್ಗಿಸಬೇಕಾದುದಿಲ್ಲ. ಒಂದು ತುಣುಕನ್ನು ಬಗ್ಗಿಸಿ ಅದರ ಜಾತಿಯನ್ನು ಹೇಳುವ ವಿದ್ಯೆಯು ಪುಸ್ತಕದ ವಿದ್ಯೆಗೆ ಕಡಿಮೆಯಾದುದಲ್ಲ. ಅದನ್ನು ಬಲ್ಲವರನ್ನು ಹೆಸರಿಟ್ಟು ಹೀಯಾಳಿಸುವವನು ತನ್ನ ಅಜ್ಞಾನವನ್ನೇ ಪ್ರಕಟಿಸುತ್ತಾನೆ.

೫. ಮೊದಲನೆಯ ಧರ್ಮ: ಬಹುಕಾಲ ಬಾಳುವುದು

ಲೆಕ್ಕವೊಂದನ್ನು ಮಾಡೋಣ. ೧೨೦ ಗ್ರಾಮ್ ತೂಕದ ಡಬ್ಬಿಯೊಂದನ್ನು ವರ್ಷಕ್ಕೆ ೨೦೦ ದಿನಗಳಂತೆ ಐದು ವರ್ಷ ಬಳಸಿದೆವೆಂದು ಇಟ್ಟುಕೊಳ್ಳೋಣ. ಒಟ್ಟು ೧೦೦೦ ಊಟ. ಒಂದು ಊಟಕ್ಕೆ ತಗಲಿದ ಪ್ಲಾಸ್ಟಿಕ್ ೦.೧೨ ಗ್ರಾಮ್ ಮಾತ್ರ. ಅದೇ ಡಬ್ಬಿ ಒಂದೇ ವರ್ಷದಲ್ಲಿ ಒಡೆದರೆ ಒಂದು ಊಟಕ್ಕೆ ೦.೬ ಗ್ರಾಮ್ ಆಗುವುದು. ಡಬ್ಬಿಯ ಬದಲಿಗೆ ದಿನಕ್ಕೊಂದು ೧೦ ಗ್ರಾಮಿನ ತೆಳು ಪೆಟ್ಟಿಗೆಯನ್ನು ಎಸೆಯುತ್ತ ಹೋದರೆ ಅದೇ ಐದು ವರ್ಷಗಳಲ್ಲಿ ೧೦ ಕಿಲೋಗ್ರಾಮ್ ಕಸವಾಗುವುದು. ಬಾಳಿಕೆಯ ಮಹತ್ವ ಇಷ್ಟು.

ಹಾಗಾದರೆ ಡಬ್ಬಿಗಳು ಏಕೆ ಬೇಗ ಮೂಲೆ ಸೇರುವುವು? ಸಾಮಾನ್ಯವಾಗಿ ಕಾರಣಗಳು ನಾಲ್ಕು.

ಒಂದು, ಮೂಲೆಯಲ್ಲಿ ಬಿರುಕು. ಚೂಪಾದ ಮೂಲೆಯಲ್ಲಿ ಒತ್ತಡವೆಲ್ಲ ಒಂದೇ ಕಡೆ ಕೂಡಿಕೊಳ್ಳುವುದು. ಡಬ್ಬಿ ಕೆಳಗೆ ಬಿದ್ದಾಗ ಅಲ್ಲಿಂದಲೇ ಸೀಳುವುದು. ಮೂಲೆಯನ್ನು ದುಂಡಗೆ ಮಾಡಿದರೆ ಒತ್ತಡ ಹಂಚಿಹೋಗುವುದು. ಅಲ್ಲದೆ ದುಂಡು ಮೂಲೆಯಲ್ಲಿ ಅಗಳು ಸಿಕ್ಕಿಕೊಳ್ಳುವುದಿಲ್ಲ, ತೊಳೆಯುವುದೂ ಸುಲಭ.

ಎರಡು, ಮುಚ್ಚಳದ ಕಿವಿ ಮುರಿಯುವುದು. ಡಬ್ಬಿ ಗಟ್ಟಿಯಾಗಿದ್ದರೂ ಕಿವಿ ಮುರಿದರೆ ಇಡಿಯ ಡಬ್ಬಿಯೇ ಕಸವಾಗುವುದು. ಪಿ.ಪಿ.ಗೆ ಒಂದು ವಿಶೇಷ ಗುಣವುಂಟು: ತೆಳ್ಳಗೆ ಮಾಡಿದ ಅದರ ಪಟ್ಟಿಯನ್ನು ಸಾವಿರಾರು ಸಲ ಮಡಿಚಿದರೂ ಮುರಿಯದು. ಆದುದರಿಂದ ಕಿವಿಯನ್ನು ಬೇರೆ ತುಂಡಾಗಿ ಸೇರಿಸದೆ ಮುಚ್ಚಳದ ಅಂಗವಾಗಿಯೇ ಅಚ್ಚು ಹೊಯ್ಯಬಹುದು. ಅದರೊಂದಿಗೆ ಮುಚ್ಚಳವನ್ನು ಬಿಡಿಯಾಗಿಯೂ ಮಾರುವುದು ಅವಶ್ಯ. ಕೊಡೆಯ ಒಂದು ಕಡ್ಡಿ ಮುರಿದರೆ ನಾವು ಕೊಡೆಯನ್ನೇ ಎಸೆಯುವೆವೆ?

ಮೂರು, ಮುಚ್ಚಳದೊಳಗಿನ ರಬ್ಬರ್ ಬಳೆ ಸಡಿಲವಾಗುವುದು ಅಥವಾ ಕಳೆದುಹೋಗುವುದು. ಬಳೆಯು ಅಂಟಿನಿಂದ ಹಿಡಿದಿರಬಾರದು. ಬೆರಳಿನಿಂದ ಎಬ್ಬಿಸಿ ತೊಳೆದು ಮತ್ತೆ ಕೂರಿಸುವಂತಿರಬೇಕು.

ನಾಲ್ಕು, ಕಲೆ ಮತ್ತು ವಾಸನೆ. ಅರಿಸಿನದ ಬಣ್ಣವು ಎಣ್ಣೆಯಲ್ಲಿ ಕರಗುವಂಥದು. ಬಿಸಿ ಎಣ್ಣೆಯೊಡನೆ ಅದು ಪ್ಲಾಸ್ಟಿಕ್ಕಿನ ಒಳಗೆ ಇಳಿಯುವುದು. ಒಳಮೈ ನುಣುಪಾಗಿದ್ದರೆ ಕಲೆ ಹಿಡಿಯುವುದು ಕಡಿಮೆ. ತಂತಿಯ ಬ್ರಶ್ಶಿನಿಂದ ತಿಕ್ಕಿದರೆ ಗೀರುಗಳಾಗಿ ಜಿಡ್ಡು ಅವುಗಳಲ್ಲಿ ನೆಲೆಸುವುದು. ಅರಿಸಿನದ ಕಲೆಯನ್ನು ಬಿಸಿಲು ಮಾಸಿಸಬಲ್ಲದು. ಆದರೆ ದಿನಗಟ್ಟಲೆ ಬಿಸಿಲಿಗಿಟ್ಟರೆ ಪಿ.ಪಿ.ಯ ಸರಪಳಿಗಳೇ ತುಂಡಾಗಿ ಡಬ್ಬಿ ಬಿರುಸಾಗುವುದು.

೬. ಎರಡನೆಯ ಧರ್ಮ: ಸುಲಭವಾಗಿ ಮರುಹುಟ್ಟುವುದು

ಇದಕ್ಕೆ ಬೇಕಾದ ನಿಯಮಗಳನ್ನು ಕಾರಣಸಹಿತ ತಿಳಿಯೋಣ.

ಮೊದಲನೆಯ ನಿಯಮ: ಒಂದೇ ವಸ್ತು. ಡಬ್ಬಿಯೂ ಮುಚ್ಚಳವೂ ಕಿವಿಯೂ ಒಂದೇ ಜಾತಿಯ ಪ್ಲಾಸ್ಟಿಕ್ಕಾಗಿರಬೇಕು. ಇದನ್ನು ತಿಳಿಯಲು ನೀರಿನ ಪರೀಕ್ಷೆಯನ್ನು ನೋಡಿರಿ. ನೀರಿನ ಸಾಂದ್ರತೆ ೧. ಪಿ.ಪಿ.ಯದು ಸುಮಾರು ೦.೯೦, ಪಾಲಿಥಿನ್ನಿನದು ೦.೯೧ರಿಂದ ೦.೯೭, ಪಾಲಿಸ್ಟೈರೀನಿನದು ೧.೦೫, ಪೆಟ್ಟಿನದು ೧.೩೮, ಪಿ.ವಿ.ಸಿ.ಯದು ಸುಮಾರು ೧.೩ರಿಂದ ೧.೪. ಚೂರುಗಳನ್ನು ನೀರಿನ ತೊಟ್ಟಿಗೆ ಸುರಿದರೆ ಪಿ.ಪಿ.ಯೂ ಪಾಲಿಥಿನ್ನೂ ತೇಲುವುವು, ಉಳಿದವು ಮುಳುಗುವುವು. ಪೆಟ್ ಬಾಟಲಿಗೆ ಪಾಲಿಥಿನ್ನಿನ ಮುಚ್ಚಳವಿದ್ದರೂ ಈ ತೊಟ್ಟಿಯಲ್ಲಿ ಎರಡೂ ತಾವಾಗಿ ಬೇರಾಗುವುವು. ಆದರೆ ಪಿ.ಪಿ. ಡಬ್ಬಿಗೆ ಪಾಲಿಥಿನ್ನಿನ ಮುಚ್ಚಳವಿದ್ದರೆ ಎರಡೂ ಒಟ್ಟಿಗೆ ತೇಲುವುವು. ಅವೆರಡೂ ಕರಗಿದ ಮೇಲೆ ಎಣ್ಣೆನೀರಿನಂತೆ ಬೆರೆಯದೆ ನಿಲ್ಲುವುದರಿಂದ ಅವುಗಳ ದಾಣಾದಿಂದಾದ ವಸ್ತು ದುರ್ಬಲವಾಗುವುದು. ಮುಚ್ಚಳ ಮೃದುವಾಗಿರಬೇಕೆಂದರೆ ಪಿ.ಪಿ.ಯಲ್ಲಿಯೇ ಮೃದುವಾದ ಬಗೆಯೊಂದಿದೆ, ಅದನ್ನು ಬಳಸಬಹುದು.

ಎರಡನೆಯ ನಿಯಮ: ಪುಡಿಯನ್ನು ಹೆಚ್ಚಾಗಿ ಬೆರೆಸಬಾರದು. ಬಿಗಿ ಬರಲೆಂದು ಅಥವಾ ಅಗ್ಗವಾಗಲೆಂದು ಪ್ಲಾಸ್ಟಿಕ್ಕಿಗೆ ಸುಣ್ಣದ ಅಥವಾ ಬಳಪದ ಕಲ್ಲಿನ ಪುಡಿಯನ್ನು ಸೇರಿಸುವುದುಂಟು. ೧೦೦ ಗ್ರಾಮಿನಲ್ಲಿ ೮೦ ಗ್ರಾಮ್ ಪಿ.ಪಿ., ೨೦ ಗ್ರಾಮ್ ಬಳಪದ ಪುಡಿ ಇದೆಯೆನ್ನೋಣ. ಪುಡಿಯ ಸಾಂದ್ರತೆ ೨.೭. ಪಿ.ಪಿ.ಯ ಗಾತ್ರ ೮೦ ÷ ೦.೯೦ = ೮೮.೯ ಘನ ಸೆಂಟಿಮೀಟರ್. ಪುಡಿಯ ಗಾತ್ರ ೨೦ ÷ ೨.೭ = ೭.೪, ಒಟ್ಟು ೯೬.೩. ಹಾಗಾದರೆ ಮಿಶ್ರಣದ ಸಾಂದ್ರತೆ ೧೦೦ ÷ ೯೬.೩, ಅಂದರೆ ಸುಮಾರು ೧.೦೪. ತೇಲಬೇಕಾದ ಪಿ.ಪಿ. ಈಗ ಮುಳುಗಿತು, ಮುಳುಗುವವರ ಗುಂಪಿಗೆ ಸೇರಿ ವ್ಯರ್ಥವಾಯಿತು. ಗಣಿತದ ತರಗತಿಯಲ್ಲಿ ಕಲಿತ ಭಾಗಾಕಾರವು ಎಲ್ಲಿ ಉಪಯೋಗಕ್ಕೆ ಬರುವುದೆಂದು ಕೇಳುವವರಿಗೆ ಇದೊಂದು ಉತ್ತರ.

ಮೂರನೆಯ ನಿಯಮ: ಲೋಹವಿರಬಾರದು. ಉಕ್ಕಿನ ಮೊಳೆಯೊಂದು ಚೂರು ಮಾಡುವ ಯಂತ್ರದ ಬಾಯಿಗೆ ಸಿಕ್ಕಿದರೆ ಅದರ ಅಲಗು ಕೆಡುವುದು. ಒಂದು ಭಾಗವನ್ನು ಇನ್ನೊಂದಕ್ಕೆ ಜೋಡಿಸಬೇಕಾದರೆ ಒತ್ತಿದರೆ ಕೂರುವ, ಎಳೆದರೆ ಬಿಡುವ ಜೋಡಣೆಯೇ ಲೇಸು.

ನಾಲ್ಕನೆಯ ನಿಯಮ: ರಬ್ಬರ್ ಬೇರಾಗಬೇಕು. ಮುಚ್ಚಳದ ಸಿಲಿಕೋನ್ ಬಳೆಯು ಪ್ಲಾಸ್ಟಿಕ್ಕಿನೊಡನೆ ಕರಗುವುದಿಲ್ಲ. ಕಲ್ಲಿನಂತೆ ಉಳಿದು ಜಾಲರಿಯನ್ನು ಕಟ್ಟಿಸುವುದು. ಎಬ್ಬಿಸಿ ತೆಗೆಯುವ ಬಳೆಯಾದರೆ ಬಾಧೆಯಿಲ್ಲ. ಹಿಡಿಯಲು ಮೆತ್ತಗಿರಲೆಂದು ಡಬ್ಬಿಯ ಮೈಗೇ ಬೆಸೆದ ರಬ್ಬರಿನಂಥ ಪದರವನ್ನು ಮಾತ್ರ ಬೇರೆ ಮಾಡಲಾಗದು.

ಐದನೆಯ ನಿಯಮ: ಬಣ್ಣ ತಿಳಿಯಾಗಿರಬೇಕು. ಬಣ್ಣವಿಲ್ಲದ ದಾಣಾಕ್ಕೆ ಯಾವ ಬಣ್ಣವನ್ನೂ ಕೊಡಬಹುದು. ಆದುದರಿಂದ ಅದಕ್ಕೆ ಬೆಲೆ ಹೆಚ್ಚು. ಕಡುಬಣ್ಣಗಳೆಲ್ಲ ಬೆರೆತರೆ ಬೂದು ಅಥವಾ ಕಪ್ಪು ದಾಣಾ ದೊರೆಯುವುದು. ದೊಡ್ಡ ಕಾರಖಾನೆಗಳಲ್ಲಿ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಿಂದ ಜಾತಿಯನ್ನು ಗುರುತಿಸುವ ಯಂತ್ರಗಳಿವೆ. ಕಾಡಿಗೆಯ ಜಾತಿಯ ಕಪ್ಪು ಆ ಬೆಳಕನ್ನು ನುಂಗುವುದರಿಂದ ಕಪ್ಪು ಡಬ್ಬಿ ಆ ಯಂತ್ರಕ್ಕೆ ಕಾಣುವುದೇ ಇಲ್ಲ.

ಆರನೆಯ ನಿಯಮ: ಅಂಟಿಸಿದ ಚೀಟಿ ಬೇಡ. ಕಾಗದವು ತೊಳೆಯುವ ನೀರಿನಲ್ಲಿ ನಾರಾಗಿ ಕದಡುವುದು. ಅಂಟು ಚೂರುಗಳಿಗೆ ಹತ್ತಿಕೊಳ್ಳುವುದು. ಹೆಸರು ಚಿತ್ರಗಳನ್ನು ಅಚ್ಚಿನಲ್ಲಿಯೇ ಉಬ್ಬಾಗಿ ಮೂಡಿಸಬೇಕು. ನಮ್ಮ ಮನೆಗಳಲ್ಲಿ ತಂಬಿಗೆ ತಟ್ಟೆಗಳ ಮೇಲೆ ಹೆಸರು ಕೊರೆಯಿಸುವ ವಾಡಿಕೆಯುಂಟಲ್ಲವೆ? ಅದು ಎಂದೂ ಕಿತ್ತುಹೋಗುವುದಿಲ್ಲ, ಯಾವ ಅಂಟನ್ನೂ ಬೇಡುವುದಿಲ್ಲ.

ಏಳನೆಯ ನಿಯಮ: ಗುರುತು ಸ್ಪಷ್ಟವಾಗಿರಬೇಕು. ಜಾತಿಯ ಅಂಕೆಯು ಡಬ್ಬಿಯ ತಳದಲ್ಲಿ ಮಾತ್ರವಲ್ಲ, ಮುಚ್ಚಳದಲ್ಲಿಯೂ ಇರತಕ್ಕದ್ದು. ಗುರುತು ಸ್ಪಷ್ಟವಿದ್ದರೆ ಸುಟ್ಟು ಮೂಸಿ ನೋಡುವ ಪ್ರಸಂಗವೇ ಕೆಲಸಗಾರನಿಗೆ ಬಾರದು.

೭. ಎರಡು ಡಬ್ಬಿಗಳ ಹೋಲಿಕೆ

ಅಂಗಡಿಯಲ್ಲಿ ಎರಡು ಡಬ್ಬಿಗಳಿವೆಯೆಂದು ಭಾವಿಸಿರಿ. ಒಂದರ ಮೈ ಪಿ.ಪಿ.; ಕಿವಿಗಳು ಬೇರೆ ಗಟ್ಟಿ ಪ್ಲಾಸ್ಟಿಕ್; ಕೀಲಿಗೆ ಉಕ್ಕಿನ ಕಡ್ಡಿ; ಒಳಗೆ ತೆಳು ಉಕ್ಕಿನ ತಟ್ಟೆ; ಎರಡರ ನಡುವೆ ಕಾವು ಉಳಿಯಲೆಂದು ನೊರೆಯಂಥ ಸ್ಪಂಜು; ಮೇಲೆ ಹೊಳೆಯುವ ಬಣ್ಣದ ಚಿತ್ರ. ಇನ್ನೊಂದರ ಮೈ, ಮುಚ್ಚಳ, ಕಿವಿ ಎಲ್ಲವೂ ತಿಳಿಬಣ್ಣದ ಪಿ.ಪಿ.; ತೆಗೆದು ತೊಳೆಯಬಹುದಾದ ಒಂದು ಬಳೆ; ದುಂಡು ಮೂಲೆ; ತಳದಲ್ಲಿ ೫ರ ಅಂಕೆ.

ಮೊದಲನೆಯದು ಕಣ್ಣಿಗೆ ಚೆಲುವಾಗಿ ಕಾಣುವುದು. ಆದರೆ ಅದರಲ್ಲಿ ಐದಾರು ವಸ್ತುಗಳು ಬೇರ್ಪಡದಂತೆ ಸೇರಿವೆ. ಒಂದು ಕಿವಿ ಮುರಿದರೆ ಅವೆಲ್ಲವೂ ಕೂಡಿಯೇ ಕಸವಾಗುವುವು. ಎರಡನೆಯದು ಸಾದಾ. ಅದರ ಬಳೆಯನ್ನು ತೆಗೆದರೆ ಉಳಿದುದೆಲ್ಲ ಒಂದೇ ಜಾತಿ. ನೇರವಾಗಿ ಯಂತ್ರಕ್ಕೆ ಹೋಗಬಲ್ಲದು.

೮. ಕೆಲವು ಸಂದಿಗ್ಧಗಳು

ಎಲ್ಲ ನಿಯಮಗಳೂ ಯಾವಾಗಲೂ ಒಂದಕ್ಕೊಂದು ಹೊಂದುವುವೆಂದು ತಿಳಿಯಬಾರದು. ಗೋಡೆ ದಪ್ಪವಾದರೆ ಬಾಳಿಕೆ ಹೆಚ್ಚು; ಆದರೆ ವಸ್ತುವೂ ಹೆಚ್ಚು ಹತ್ತುವುದು. ಬಳೆಯಿಲ್ಲದಿದ್ದರೆ ಮರುಸಂಸ್ಕರಣೆ ಸುಲಭ. ಆದರೆ ಸಾರು ಸೋರಿದರೆ ಆ ಡಬ್ಬಿಯನ್ನು ಯಾರೂ ಬಳಸರು. ಇಂಥಲ್ಲಿ ರಚನೆಗಾರನು ಎರಡನ್ನೂ ತೂಗಿ ನೋಡಿ ನಡುದಾರಿ ಹಿಡಿಯಬೇಕು. ತೆಗೆದಿಡಬಹುದಾದ ಬಳೆ ಇಂಥದೊಂದು ನಡುದಾರಿ.

ಮತ್ತೊಂದು ಮಾತು. ಪ್ರತಿಸಲ ಕರಗಿಸಿದಾಗ ಪಿ.ಪಿ.ಯ ಸರಪಳಿಗಳು ಸ್ವಲ್ಪ ಸ್ವಲ್ಪ ತುಂಡಾಗುವುವು. ವಸ್ತುವಿನ ಸತ್ವ ಕುಗ್ಗುವುದು. ಅಲ್ಲದೆ ಮೊದಲು ಅದರಲ್ಲಿ ಏನಿತ್ತೆಂದು ತಿಳಿಯದ ದಾಣಾದಿಂದ ಊಟದ ಪಾತ್ರೆ ಮಾಡುವುದು ಸುರಕ್ಷಿತವಲ್ಲ. ಆದುದರಿಂದ ಇಂದಿನ ಡಬ್ಬಿ ನಾಳೆ ಬಕೀಟೋ ಕುಂಡವೋ ಆಗುವುದೇ ಹೊರತು ಸಾಮಾನ್ಯವಾಗಿ ಮತ್ತೆ ಡಬ್ಬಿಯಾಗದು. ಮರುಸಂಸ್ಕರಣೆಯಿದೆಯೆಂದು ಧೈರ್ಯದಿಂದ ಎಸೆಯುವವರು ಇದನ್ನು ಲಕ್ಷ್ಯದಲ್ಲಿಡಬೇಕು. ಬಾಳಿಕೆಗೆ ಮೊದಲ ಸ್ಥಾನ ಕೊಟ್ಟುದು ಇದಕ್ಕಾಗಿಯೇ.

ಉಕ್ಕಿನ ಡಬ್ಬಿ ಮನೆಯಲ್ಲಿದ್ದರೆ ಅದನ್ನು ಬಿಟ್ಟು ಪ್ಲಾಸ್ಟಿಕ್ ಕೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ಇದ್ದುದನ್ನು ಬಾಳಿಸುವುದೇ ಮೊದಲ ಜಾಣತನ. ೨೦೨೨ರ ಜುಲೈ ೧ರಿಂದ ನಮ್ಮ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ಮೊದಲಾದವುಗಳನ್ನು ನಿಷೇಧಿಸಲಾಯಿತು. ಕಾನೂನು ಕೆಟ್ಟದ್ದನ್ನು ತಡೆಯಬಲ್ಲದು. ಒಳ್ಳೆಯದನ್ನು ರಚಿಸಲು ಮಾತ್ರ ತಿಳಿದ ಮನುಷ್ಯರೇ ಬೇಕು.

೯. ನಮ್ಮ ಪಾಲಿನ ಕೆಲಸ

ಈ ಓದಿನಿಂದ ನಾವು ಮಾಡಬಹು­ದಾದುದು ಬಹಳವಿದೆ. ಡಬ್ಬಿ ಕೊಳ್ಳುವಾಗ ತಳದ ಅಂಕೆಯನ್ನು ನೋಡೋಣ. ಮುಚ್ಚಳ ಬಿಡಿಯಾಗಿ ದೊರೆಯುವುದೇ ಎಂದು ಅಂಗಡಿಯವರನ್ನು ಕೇಳೋಣ. ಒಬ್ಬರು ಕೇಳಿದರೆ ಅಂಗಡಿಯವರು ನಗುವರು. ಐವತ್ತು ಮಂದಿ ಕೇಳಿದರೆ ತರಿಸಿಡುವರು. ಒಡೆದ ಡಬ್ಬಿಯನ್ನು ಕೊಡುವಾಗ ಜಿಡ್ಡು ತೊಳೆದು, ಬಳೆ ತೆಗೆದು, ಒಣಗಿಸಿ ಕೊಡೋಣ. ನಾವು ಒಂದು ನಿಮಿಷ ಕೊಟ್ಟರೆ ಇನ್ನೊಬ್ಬರ ಕೈಗೆ ಹೊಲಸು ತಾಗುವುದು ತಪ್ಪುವುದು.

ನಿಮ್ಮಲ್ಲಿ ಕೆಲವರು ಮುಂದೆ ಅಚ್ಚು ಕೊರೆಯುವ ಕಾರಖಾನೆಗೆ ಸೇರುವಿರಿ, ಕೆಲವರು ಎಂಜಿನಿಯರರಾಗುವಿರಿ, ಕೆಲವರು ಅಂಗಡಿ ಇಡುವಿರಿ. ಕನ್ನಡದಲ್ಲಿ ಕಲಿತವರಿಗೆ ಇಂಥ ವಿಷಯ ತಿಳಿಯದೆಂದು ನಗರದಲ್ಲಿ ಹೇಳುವವರುಂಟು. ಈ ಪಾಠವನ್ನು ನೀವು ಕನ್ನಡದಲ್ಲಿಯೇ ಓದಿದಿರಿ, ಲೆಕ್ಕವನ್ನು ಕನ್ನಡದಲ್ಲಿಯೇ ಮಾಡಿದಿರಿ. ನೀರಿನಲ್ಲಿ ತೇಲುವ ವಸ್ತುವು ಯಾವ ಭಾಷೆಯವನ ಮುಂದೆಯೂ ತೇಲುವುದು. ಅದು ಏಕೆ ತೇಲುವುದೆಂದು ತಿಳಿದವನು ಎಲ್ಲಿಯೂ ಹಿಂಜರಿಯಬೇಕಾದುದಿಲ್ಲ.

ಅಭ್ಯಾಸಕ್ಕಾಗಿ

೧. ನಿಮ್ಮ ಅಡಿಗೆಮನೆಯ ಹತ್ತು ಪ್ಲಾಸ್ಟಿಕ್ ಪಾತ್ರೆಗಳ ತಳದ ಅಂಕೆಗಳನ್ನು ಬರೆದುಕೊಳ್ಳಿರಿ. ಡಬ್ಬಿಗೂ ಮುಚ್ಚಳಕ್ಕೂ ಬೇರೆ ಬೇರೆ ಅಂಕೆಯಿರುವವು ಎಷ್ಟು?

೨. ಬಾಟಲಿಯ ಚೂರು, ಬಾಟಲಿಯ ಮುಚ್ಚಳದ ಚೂರು, ಒಡೆದ ಡಬ್ಬಿಯ ಚೂರುಗಳನ್ನು ಹಿರಿಯರಿಂದ ಕತ್ತರಿಸಿಕೊಂಡು ನೀರಿನ ಬಟ್ಟಲಿಗೆ ಹಾಕಿರಿ. ಗುಳ್ಳೆ ಹಿಡಿಯದಂತೆ ಒಮ್ಮೆ ಮುಳುಗಿಸಿ ಬಿಡಿರಿ. ಯಾವುದು ತೇಲಿತು, ಯಾವುದು ಮುಳುಗಿತು? ಯಾವುದನ್ನೂ ಸುಟ್ಟು ನೋಡಬಾರದು.

೩. ೯೦ ಗ್ರಾಮ್ ಪಿ.ಪಿ.ಗೆ ೧೦ ಗ್ರಾಮ್ ಬಳಪದ ಪುಡಿ ಸೇರಿದರೆ ಮಿಶ್ರಣವು ತೇಲುವುದೋ ಮುಳುಗುವುದೋ? ಲೆಕ್ಕ ಮಾಡಿ ತೋರಿಸಿರಿ.

೪. ನಿಮ್ಮ ಡಬ್ಬಿಯು ಏಳು ನಿಯಮಗಳಲ್ಲಿ ಎಷ್ಟನ್ನು ಪಾಲಿಸುತ್ತದೆ? ಪಾಲಿಸದ ಒಂದು ನಿಯಮವನ್ನು ಆರಿಸಿಕೊಂಡು, ಅದನ್ನು ಸರಿಪಡಿಸಿದ ಹೊಸ ಡಬ್ಬಿಯ ಚಿತ್ರವನ್ನು ಅಳತೆಸಹಿತ ಬರೆಯಿರಿ.